ಅಮೃತಶಿಲೆಯ ಪಾದ

ಹಳೆಯ ರೋಮನ್ ಶಿಲ್ಪಗಳ ಚೂರುಗಳನ್ನು ಕೂಡಿಡುವ ಹುಚ್ಚು ನನಗೆ. ಶಿವಮೊಗ್ಗದ ಗಾಂಧಿ ಬಜಾರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಅಮೃತಶಿಲೆಯ ಗೇಣುದ್ದದ ಪಾದವೊಂದು ಸಿಕ್ಕಾಗ ಹಿಗ್ಗಿನಿಂದ ಮನೆಗೆ ತಂದೆ. ಅತ್ತೆ ಬಾಗಿಲಲ್ಲೇ ತಡೆದರು.

"ಭಿನ್ನವಾದ ದೇವರನ್ನ ಒಳಗೆ ತರಬೇಡ ಮಾರಾಯ್ತಿ. ಯಾವ ಗುಡೀಲಿ ಕದ್ದಿದ್ದೋ ಏನೋ!"

ಆ ಮಾತು ನನ್ನನ್ನೂ ಕೊರೆಯತೊಡಗಿತು. ಮರುದಿನ ಅಂಗಡಿಯವನನ್ನು ಕೇಳಿದೆ. ಭದ್ರಾವತಿಯ ನ್ಯೂ ಟೌನಿನ ಒಂದು ಮನೆಯಿಂದ ಕೊಂಡದ್ದೆಂದು ಅವನು ವಿಳಾಸ ಕೊಟ್ಟ. ಪಾದವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ. ಅತ್ತೆಯೂ ಬಂದರು.

ಆ ಮನೆಯ ಅಜ್ಜಿ ಅದನ್ನು ಕಂಡೊಡನೆ ನಕ್ಕರು. "ಅಯ್ಯೋ, ಇದು ನಮ್ಮ ಉಪ್ಪಿನಕಾಯಿ ಭರಣಿ ಮೇಲೆ ಹೇರ್ತಿದ್ದ ಕಲ್ಲು! ಇಲ್ಲಿನ ಕಾರ್ಖಾನೆಗೆ ಬಂದಿದ್ದ ಇಟಲಿಯ ಇಂಜಿನಿಯರ್ ಒಬ್ರು ಊರಿಗೆ ವಾಪಸ್ ಹೋಗುವಾಗ ನಮ್ಮ ಯಜಮಾನ್ರಿಗೆ ಕೊಟ್ಟಿದ್ದು. ಆ ಇಂಜಿನಿಯರ್ ಅಜ್ಜನ ದ್ರಾಕ್ಷಿ ತೋಟದಲ್ಲಿ ಸಿಕ್ಕಿತ್ತಂತೆ. ಈ ಸಲ ಸುಣ್ಣ ಹೊಡೆಸುವಾಗ ನಾನೇ ಮಾರಿದೆ."

ಗೋಡೆಯ ಫೋಟೋದಲ್ಲಿ ಅವರ ಪತಿ ಆ ವಿದೇಶಿಯ ಪಕ್ಕದಲ್ಲಿ ಇದೇ ಪಾದವನ್ನು ಹಿಡಿದು ನಿಂತಿದ್ದರು.

"ದೇವರದ್ದಲ್ಲ ತಾನೆ?" ಅತ್ತೆ ಕೇಳಿದರು.

"ಯಾವನೋ ಸಿಪಾಯಿದಂತೆ. ಚಪ್ಪಲಿ ಹಾಕ್ಕೊಂಡಿದಾನೆ ನೋಡಿ."

ಬಸ್ಸು ಹತ್ತುವಾಗ ನನ್ನ ಎದೆ ಹಗುರಾಗಿತ್ತು. ಅತ್ತೆ ಸಿಪಾಯಿಯ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಶಿವಮೊಗ್ಗ ಬರುವವರೆಗೂ ನೆಮ್ಮದಿಯಾಗಿ ನಿದ್ದೆ ಮಾಡಿದರು.