ಬೈಂಡಿಂಗ್ ಅಕ್ಕನ ಸರದಿ

ನಮ್ಮಕ್ಕನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಗೆಲ್ಲುವುದಿರಲಿ, ವಾದ ಮಾಡಬೇಕಾದರೆ ಮೊದಲು ಅವಳ ಹಿಂದೆ ಓಡಬೇಕು. ಮುಂದಿನ ಕೋಣೆಯಲ್ಲಿ ಬೈಂಡಿಂಗ್ ಮೇಜು, ಹಿಂದಿನ ಕೋಣೆಯಲ್ಲಿ ಒಲೆ. ಬೆಳಕು ಹರಿದಾಗಿನಿಂದ ಅವೆರಡರ ನಡುವೆ ಅವಳ ಓಡಾಟ. ಒಂದು ಕೈಯಲ್ಲಿ ಅಂಟು ಹಚ್ಚುವ ಬ್ರಷ್ಷು, ಇನ್ನೊಂದರಲ್ಲಿ ಸೌಟು. ಯಾವುದು ಯಾವ ಪಾತ್ರೆಗೆ ಇಳಿಯುತ್ತದೋ ಎಂದು ನನಗೆ ಸದಾ ದಿಗಿಲು. ಕೋರ್ಟಿನ ಕಡತ, ಶಾಲೆಯ ಹಾಜರಿ ಪುಸ್ತಕ, ಬೆನ್ನು ಮುರಿದ ನಿಘಂಟು, ಏನು ತಂದುಕೊಟ್ಟರೂ ಹೊಲಿದು, ಅಂಟಿಸಿ, ಭಾರ ಹೇರಿ ಒತ್ತಿ, ಅಂಚು ಕತ್ತರಿಸಿ ಹೊಸದರ ಹಾಗೆ ಮಾಡಿಕೊಡುತ್ತಾಳೆ. ಓಣಿಗೆಲ್ಲ ಅವಳು ಬೈಂಡಿಂಗ್ ಅಕ್ಕ.

ಅಕ್ಕ ಹಳೇ ಪಕ್ಷದವಳು. ಸುಮ್ಮನೆ ಓಟು ಹಾಕಿ ಬರುವವಳಲ್ಲ, ಇಪ್ಪತ್ತೇಳು ವರ್ಷ ಮತಗಟ್ಟೆಯಲ್ಲಿ ಪಕ್ಷದ ಏಜೆಂಟಾಗಿ ಪಟ್ಟಿ ಹಿಡಿದು ಕಾದವಳು. ದುಡಿದು ತಿನ್ನಬೇಕು, ಹಿರಿಯರು ಹಾಕಿಕೊಟ್ಟ ದಾರಿ ಬಿಡಬಾರದು, ನೆರೆಯವರ ಕಷ್ಟಕ್ಕೆ ನೆರೆಯವರೇ ಆಗಬೇಕು, ಸರ್ಕಾರ ಅಡುಗೆಮನೆಗೆ ಕಾಲಿಡಬಾರದು. ಇದಿಷ್ಟು ಅವಳ ರಾಜಕೀಯ. ನಾನೋ, ಪುರಸಭೆಯ ಊಟದ ಮನೆಯಲ್ಲಿ ಅಡುಗೆಯವಳು. ದಿಕ್ಕಿಲ್ಲದ, ಕೈಲಾಗದ ಅರವತ್ತು ಜನಕ್ಕೆ ಮಧ್ಯಾಹ್ನ ಬೇಯಿಸಿ ಬಡಿಸುವುದು ನನ್ನ ಕೆಲಸ. ಒಂದೇ ಸೂರಿನಡಿ ಸರ್ಕಾರದ ಸೌಟೊಂದು, ಓಣಿಯ ಸೌಟೊಂದು. ಜಗಳಕ್ಕೆ ಬೇರೆ ಕಾರಣ ಬೇಕೆ?

"ಸರ್ಕಾರ ಊಟ ಹಾಕಿದ್ರೆ ಪಕ್ಕದ ಮನೆಯವರು ಹಾಕೋದನ್ನ ಬಿಟ್ಟುಬಿಡ್ತಾರೆ ಕಣೇ," ಎನ್ನುವಳು.

"ಹಸಿದೋರಿಗೆ ಯಾರ ಮನೆ ಪಾತ್ರೆ ಅಂತ ಚಿಂತೆ ಇರಲ್ಲ ಕಣಕ್ಕ."

"ತಿನ್ನೋರಿಗೆ ಬೇಡ. ಕೊಡೋರಿಗೆ ಇರ್ಬೇಕು ಆ ಚಿಂತೆ."

ಹೀಗಂದು ದಾರ ಹಲ್ಲಲ್ಲಿ ಕಚ್ಚಿ ಕತ್ತರಿಸಿಬಿಟ್ಟಳೆಂದರೆ ಅಲ್ಲಿಗೆ ಮಾತು ಮುಗಿಯಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಸುಳ್ಳೇಕೆ ಹೇಳಲಿ, ಅವಳ ಮಾತಲ್ಲಿ ಹುರುಳಿತ್ತು. ಅಪ್ಪ ಹೋದಾಗ ಅವಳಿಗೆ ಹನ್ನೆರಡು, ನನಗೆ ಏಳು. ಅಮ್ಮ ಹಾಸಿಗೆ ಹಿಡಿದಿದ್ದಳು. ನಾಲ್ಕು ತಿಂಗಳು ಓಣಿಯವರೇ ಊಟ ಹಾಕಿದರು. ಯಾರೂ ಬಾಗಿಲಲ್ಲಿ ನಿಂತು "ಅಯ್ಯೋ ಪಾಪ" ಎನ್ನಲಿಲ್ಲ. ಯಾರೂ ಅದನ್ನು ಆಮೇಲೆ ಎತ್ತಿ ಆಡಲಿಲ್ಲ. ಅಕ್ಕ ಆ ಅನ್ನದ ಋಣವನ್ನು ತಲೆಗೇರಿಸಿಕೊಂಡಳು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ಬೇರೆ ಊರಿಗೆ ಮದುವೆಯಾಗಿ ಹೋದರೆ ಇಲ್ಲಿಯ ಸರದಿ ಯಾರು ನೋಡುತ್ತಾರೆ ಎಂದು ಅಮ್ಮನಿಗೇ ಎದುರುತ್ತರ ಕೊಟ್ಟಿದ್ದಳು.

ಸರದಿ ಎಂದರೆ ಇಷ್ಟೇ. ನಮ್ಮ ಓಣಿಯಲ್ಲಿ ಹದಿನಾಲ್ಕು ಮನೆ. ಒಲೆ ಹಚ್ಚಲು ಆಗದವರು, ಹಾಸಿಗೆ ಹಿಡಿದವರು, ಒಟ್ಟು ಏಳು ಜನ. ದಿನಕ್ಕೊಂದು ಮನೆಯವರು ಆ ಏಳು ಜನಕ್ಕೆ ಅಡುಗೆ ಮಾಡಿ ಕಳಿಸಬೇಕು. ಕೊಟ್ಟಾದ ಮೇಲೆ ಏಳು ಖಾಲಿ ಡಬ್ಬಿಗಳನ್ನು ತೊಳೆದು ಒಂದು ಚೀಲದಲ್ಲಿ ಹಾಕಿ ಮುಂದಿನ ಮನೆಯ ಚಿಲಕಕ್ಕೆ ತೂಗುಹಾಕಬೇಕು. ಆ ಮನೆಯವರಿಗೆ ಏನಾದರೂ ತೊಂದರೆ ಇದ್ದರೆ ಸಂಜೆಯೊಳಗೆ ಚೀಲ ತೆಗೆದು ಆಚೆ ಮನೆಯ ಚಿಲಕಕ್ಕೆ ಹಾಕಿಬಿಟ್ಟರಾಯಿತು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಕೇಳಿದರೆ ಅವರ ಮನೆಯ ಬಡತನವೋ ಜಗಳವೋ ಬೀದಿಗೆ ಬರುತ್ತದಲ್ಲ, ಅದಕ್ಕೆ. ಹಿರಿಯರು ಮಾಡಿದ ಈ ನಿಯಮ ಎಷ್ಟು ಚೆನ್ನಾಗಿದೆ ನೋಡು ಎಂದು ಅಕ್ಕ ಹಿಗ್ಗುತ್ತಿದ್ದಳು.

ಚೆನ್ನಾಗಿಯೇ ಇತ್ತು, ಜನ ಚೆನ್ನಾಗಿರುವವರೆಗೆ. ಓಣಿಯಲ್ಲಿ ಒಬ್ಬೊಬ್ಬರೇ ಮಹಡಿ ಎಬ್ಬಿಸಿದರು. ಗೇಟಿಗೆ ಬೀಗ ಬಂತು. ಒಬ್ಬರಿಗೆ ನೆಂಟರು, ಒಬ್ಬರಿಗೆ ತಲೆನೋವು, ಒಬ್ಬರಿಗೆ ಹೊಸ ಅಡುಗೆಮನೆಯ ಗೋಡೆಗೆ ಜಿಡ್ಡು ಹತ್ತುವ ಚಿಂತೆ. ಚೀಲ ಚಿಲಕದಿಂದ ಚಿಲಕಕ್ಕೆ ಹಾರತೊಡಗಿತು. ತಮ್ಮ ಒಂದು ದಿನ ತಪ್ಪಿದರೆ ಏನು ಮುಳುಗಿಹೋಗುತ್ತದೆ ಎಂದು ಪ್ರತಿಯೊಬ್ಬರೂ ಅಂದುಕೊಂಡರು. ಆಚೆ ಮನೆಯವರು ಮಾಡಿರುತ್ತಾರೆ ಬಿಡು ಎಂದೂ ಅಂದುಕೊಂಡರು. ಓಣಿಯ ಕೊನೆಯ ಮನೆ ನಮ್ಮದು, ನಮ್ಮ ಸರದಿ ಮುಗಿದ ಮೇಲೆ ಚೀಲ ಮತ್ತೆ ಮೊದಲ ಮನೆಗೆ ಹೋಗಬೇಕು. ನಮ್ಮಿಂದಾಚೆ ಬರೀ ಗೋಡೆ. ಗೋಡೆಗೆ ಚಿಲಕ ಇಲ್ಲವಲ್ಲ!

ಮೊದಲು ವಾರಕ್ಕೊಂದು ಸಲ, ಆಮೇಲೆ ಎರಡು ದಿನಕ್ಕೊಂದು ಸಲ, ಕೊನೆಕೊನೆಗೆ ಹೆಚ್ಚುಕಡಿಮೆ ದಿನವೂ ಚೀಲ ನಮ್ಮ ಬಾಗಿಲಿಗೇ ಬಂತು. ಅಕ್ಕ ತುಟಿ ಬಿಚ್ಚಲಿಲ್ಲ. ಬೆಳಗಿನ ಜಾವವೇ ಎದ್ದು ಒಲೆ ಹಚ್ಚಿದಳು. ಹೊಲಿಗೆಯ ಕೆಲಸ ಹಿಂದೆ ಬಿತ್ತು. ಶಾಲೆಯವರು ಎರಡು ಸಲ ಗದರಿ, ಮೂರನೇ ಸಲ ಪುಸ್ತಕಗಳನ್ನೆಲ್ಲ ಬೇರೆ ಕಡೆಗೆ ಒಯ್ದರು. ಅವಳ ಬಲಗೈ ಮಣಿಕಟ್ಟು ಊದಿಕೊಂಡು ಸೂಜಿ ಹಿಡಿಯಲಾಗದಂತಾಯಿತು.

"ಒಂದು ಸಲ ಬಾಯಿ ಬಿಟ್ಟು ಹೇಳಕ್ಕ, ಎಲ್ಲರಿಗೂ ನಾಚಿಕೆಯಾಗ್ಲಿ," ಎಂದು ನಾನು ಕೂಗಾಡಿದೆ.

"ಹೇಳಿ ಮಾಡಿಸ್ಕೊಂಡ್ರೆ ಅದು ಕೊಟ್ಟಂಗಾಗುತ್ತೇನೇ? ಅವರಿಗೇ ಅನ್ನಿಸ್ಬೇಕು."

"ಅನ್ನಿಸೋ ಹೊತ್ತಿಗೆ ನಿನ್ನ ಕೈ ಇರಲ್ಲ!"

ಆಗಲೂ ಅವಳು ದಾರ ಕಚ್ಚಿದಳು. ನಾನು ಪಾತ್ರೆ ಕುಕ್ಕಿ ಕೆಲಸಕ್ಕೆ ಹೋದೆ. ಆ ದಿನಗಳಲ್ಲಿ ನನಗೆ ಎಲ್ಲಿ ನಿಂತರೂ ನೆಲೆಯಿರಲಿಲ್ಲ. ಮನೆಯಲ್ಲಿದ್ದರೆ ಊಟದ ಮನೆಯ ಯೋಚನೆ, ಅಲ್ಲಿದ್ದರೆ ಅಕ್ಕನ ಕೈಯ ಯೋಚನೆ.

ಅಷ್ಟರಲ್ಲಿ ಬಂದದ್ದು ಸದಸ್ಯರ ಸವಾರಿ. ಓಣಿಯ ಮೊದಲ ಮನೆಯೇ ಅವರದು. ಹಳೇ ಪಕ್ಷದಿಂದ ಪುರಸಭೆಗೆ ಆರಿಸಿಬಂದವರು. ಅವರನ್ನು ಗೆಲ್ಲಿಸಲು ಅಕ್ಕ ಬಿಸಿಲಲ್ಲಿ ಮನೆಮನೆ ಅಲೆದಿದ್ದಳು. ನಮ್ಮ ಮುಂದಿನ ಕೋಣೆಯಲ್ಲಿ ರಟ್ಟಿನ ರಾಶಿ ಸರಿಸಿ ಕುಳಿತು, ಮುಖದ ತುಂಬ ನಗು ತುಂಬಿಕೊಂಡು ಹೇಳಿದರು: ಪುರಸಭೆಯ ಊಟದ ಮನೆಯನ್ನು ಮುಚ್ಚುವ ಪ್ರಸ್ತಾವ ಸಭೆಗೆ ಬರುತ್ತದೆ. ಊರಿಗೆ ನಮ್ಮ ಓಣಿಯೇ ಮಾದರಿ. ಅಕ್ಕ ಬಂದು ನಾಲ್ಕು ಮಾತು ಹೇಳಿದರೆ ಸಾಕು.

"ಮುಚ್ಚಿದ ಮೇಲೆ ಆ ಕಟ್ಟಡ ಏನ್ಮಾಡ್ತೀರಿ?" ನಾನು ಒಲೆಯ ಕಡೆಯಿಂದಲೇ ಕೇಳಿದೆ.

"ಅದು... ಬಾಡಿಗೆಗೆ ಕೊಡ್ತೀವಿ ತಂಗೀ. ಗೋದಾಮಿಗೆ ಕೇಳ್ತಿದ್ದಾರೆ."

ಕೇಳುತ್ತಿದ್ದವರು ಇವರ ಭಾಮೈದ. ಊರಿಗೆಲ್ಲ ಗೊತ್ತಿದ್ದ ವಿಷಯ, ಅಕ್ಕನಿಗೂ ಗೊತ್ತಿತ್ತು. ಸದಸ್ಯರು ಹೋದ ಮೇಲೆ ನಾನು ಸುಮ್ಮನಿರಲಿಲ್ಲ.

"ನಿಜ ಹೇಳು ಅಕ್ಕಾ. ಓಣಿ ಮಾಡ್ತಿಲ್ಲ, ನಾನೊಬ್ಬಳೇ ಮಾಡ್ತಿದೀನಿ ಅಂತ ಹೇಳು."

"ಹೇಳಿದ್ರೆ ಓಣಿ ಮಾನ ಹೋಗುತ್ತೆ."

"ಹೇಳದಿದ್ರೆ ಅರವತ್ತು ಜನದ ಊಟ ಹೋಗುತ್ತೆ!"

ಅಕ್ಕ ಹಿಂದಿನ ಕೋಣೆಗೆ ಹೋದಳು, ಮುಂದಿನ ಕೋಣೆಗೆ ಬಂದಳು, ಮತ್ತೆ ಹೋದಳು. ಕೈಯಲ್ಲಿ ಬ್ರಷ್ಷೂ ಇರಲಿಲ್ಲ, ಸೌಟೂ ಇರಲಿಲ್ಲ. ನನ್ನದು ಹೋಗುವುದು ಒಂದು ಕೆಲಸ. ಅವಳು ಬಾಯಿ ತೆರೆದರೆ ಹೋಗುವುದು ಜೀವಮಾನವಿಡೀ ನಂಬಿಕೊಂಡು ಬಂದ ಮಾತು. ಅದು ನನಗೆ ಅರ್ಥವಾಗದೆ ಇರಲಿಲ್ಲ.

ಸಭೆಯ ದಿನ ಮಧ್ಯಾಹ್ನ ಪುರಸಭೆಯ ಹಾಲ್ ತುಂಬಿತ್ತು. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಸದಸ್ಯರು ಎದ್ದು, ನಮ್ಮ ಓಣಿಯಲ್ಲಿ ನಲವತ್ತು ವರ್ಷಗಳಿಂದ ಒಂದು ದಿನವೂ ಊಟ ತಪ್ಪಿಲ್ಲ, ಸರ್ಕಾರದ ಕಡೆ ಯಾರೂ ಕೈಚಾಚಿಲ್ಲ ಎಂದು ಎದೆಯುಬ್ಬಿಸಿ ಹೇಳಿದರು. "ಬೇಕಾದ್ರೆ ಅವರನ್ನೇ ಕೇಳಿ," ಎಂದು ಅಕ್ಕನತ್ತ ಕೈ ತೋರಿದರು.

ಅಕ್ಕ ಎದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಊಟ ತಪ್ಪಿಲ್ಲ, ನಿಜ. ಆದ್ರೆ ಸರದಿ ತಪ್ಪಿದೆ. ಹೋದ ವರ್ಷ ಮುನ್ನೂರು ದಿನಕ್ಕೂ ಹೆಚ್ಚು ನಾನೊಬ್ಬಳೇ ಬೇಯಿಸಿದೀನಿ. ಓಣಿಯವರು ಮಾಡ್ತಿಲ್ಲ. ನಮ್ಮನ್ನ ನೋಡ್ಕೊಂಡು ಊಟದ ಮನೆ ಮುಚ್ಚಬೇಡಿ."

ಭೇಷ್ ಅಕ್ಕಾ ಎಂದು ನನಗೆ ಕೂಗಬೇಕೆನಿಸಿತು. ಎಂಥಾ ಹೆಮ್ಮೆ ಆಯಿತೆಂದರೆ ಕಣ್ಣು ಮಂಜಾಯಿತು. ಆದರೆ ಆ ಸದಸ್ಯರ ನಾಲಗೆ ಎಷ್ಟು ಚುರುಕು ಅಂತೀರಿ! ಒಂದೇ ಒಂದು ಗಳಿಗೆ ತಡವರಿಸಿದರು, ಅಷ್ಟೇ. ಎರಡೂ ಕೈ ಎತ್ತಿ ಮುಗಿದುಬಿಟ್ಟರು.

"ಕೇಳಿದ್ರಾ? ವರ್ಷಕ್ಕೆ ಮುನ್ನೂರು ದಿನ! ಯಾರಿಗೂ ಹೇಳದೆ, ಯಾರನ್ನೂ ಕೇಳದೆ! ಓಣಿಗೆ ಇಂಥ ಒಬ್ಬ ತಾಯಿ ಇದ್ರೆ ಪುರಸಭೆಗೆ ಏನ್ರೀ ಕೆಲಸ?"

ಚಪ್ಪಾಳೆ ಬಿತ್ತು. ಎರಡೂ ಪಕ್ಷದವರು ತಟ್ಟಿದರು. ಕೆಲವರು ಎದ್ದು ನಿಂತು ತಟ್ಟಿದರು. ನಮ್ಮ ಓಣಿಯವರೂ ಇದ್ದರಲ್ಲ, ಅವರಂತೂ ಕಣ್ಣೊರೆಸಿಕೊಂಡು ತಟ್ಟಿದರು. ಅಕ್ಕ "ನಾನು ಹೇಳಿದ್ದು ಅದಲ್ಲ, ಅದಲ್ಲ," ಎನ್ನುತ್ತಲೇ ಇದ್ದಳು. ಯಾರ ಕಿವಿಗೂ ಅದು ಬೀಳಲಿಲ್ಲ. ಆ ಗದ್ದಲದಲ್ಲೇ ಕೈಗಳು ಮೇಲೆದ್ದವು, ತೀರ್ಮಾನ ಪಾಸಾಯಿತು. ಸೋಮವಾರದಿಂದ ಊಟದ ಮನೆಗೆ ಬೀಗ.

ಮನೆಗೆ ಬರುವ ದಾರಿಯಲ್ಲಿ ಅಕ್ಕ ನನಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದವಳು ತಟ್ಟನೆ ನಿಂತಳು.

"ಆ ಸದಸ್ಯರದ್ದು ಮಾತ್ರ ದುರಾಸೆ ಅಂದ್ಕೊಂಡಿದ್ದೆ ಕಣೇ," ಅಂದಳು. "ನನಗೂ ಇತ್ತು. ಎಲ್ಲಾ ನಾನೊಬ್ಬಳೇ ಮಾಡ್ದೆ ಅನ್ನೋ ಆಸೆ. ಚಿಲಕದಲ್ಲಿ ಚೀಲ ಕಂಡಾಗ ಸಿಟ್ಟು ಬರ್ತಿತ್ತು, ಜೊತೆಗೆ ಒಳಗೊಳಗೇ ಖುಷಿಯೂ ಆಗ್ತಿತ್ತು. ಕೊಡೋದು ಕಲಿಸ್ತೀನಿ ಅಂತ ಹೊರಟವಳು ಓಣಿಯವರಿಗೆ ಬಿಡೋದು ಕಲಿಸ್ದೆ."

ನನಗೆ ಅವಳನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ. ಬಾ, ಬಿಸಿಲು, ಎಂದೆ.

ಸೋಮವಾರ ಅಕ್ಕ ಓಣಿಯ ಏಳು ಡಬ್ಬಿ ಬೇಗ ಮುಗಿಸಿ ನನ್ನ ಜೊತೆ ಊಟದ ಮನೆಗೆ ಹೊರಟಳು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅತ್ತ ತಲೆ ಹಾಕಿರಲಿಲ್ಲ. ಮುಚ್ಚಿದ್ದು ತನ್ನಿಂದ, ಬಂದವರ ಮುಖ ನೋಡಿ ತಾನೇ ಹೇಳಬೇಕು ಎಂಬುದು ಅವಳ ಹಟ. ಗೇಟಿಗೆ ಹೊಸ ಬೀಗ. ಅದರ ಮುಂದೆ ಸಾಲು ಆಗಲೇ ನಿಂತಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದು ಈಗ ಕಣ್ಣು ಹೋಗಿರುವ ತಾತ ಎಲ್ಲರಿಗಿಂತ ಮುಂದೆ.

"ಇಲ್ಲಿ ಇನ್ಮೇಲೆ ಊಟ ಇಲ್ಲ ತಾತ," ಅಕ್ಕ ಶುರುಮಾಡಿದಳು. "ನನ್ನಿಂದಲೇ..."

"ಗೊತ್ತಮ್ಮಾ, ಗೊತ್ತು," ಎಂದು ತಾತ ದನಿಯಲ್ಲೇ ಗುರುತು ಹಿಡಿದು ನಕ್ಕರು. "ಸದಸ್ಯರು ನಿನ್ನೆ ನಮ್ಮ ಕೇರಿಗೇ ಬಂದು ಹೇಳಿದ್ರಲ್ಲ, ಇನ್ನು ಬೈಂಡಿಂಗ್ ಅಕ್ಕ ನೋಡ್ಕೊಳ್ತಾರೆ ಅಂತ. ನೀವೇ ಕರ್ಕೊಂಡು ಹೋಗೋಕೆ ಬಂದ್ರಾ? ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಅಕ್ಕನ ಮುಖ ಬಿಳಿಚಿತು. ನನಗಂತೂ ರಕ್ತ ಕುದಿಯಿತು, ಆ ಸದಸ್ಯರು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಏಳು ಜನಕ್ಕೆ ಬೇಯಿಸುವ ಪಾತ್ರೆಯಲ್ಲಿ ಅರವತ್ತು ಜನಕ್ಕೆ ಎಲ್ಲಿಂದ ತರುವುದು? ಅಕ್ಕ ತಾತನ ಕೈ ಹಿಡಿದುಕೊಂಡು "ಬನ್ನಿ" ಎಂದಳು. ಇಡೀ ಸಾಲು ಹಿಂದೆ ಹೊರಟಿತು. ಕೋಲು ಊರುವವರು, ಕೆಮ್ಮುವವರು, ಕಂಕುಳಲ್ಲಿ ತಟ್ಟೆ ಸಿಕ್ಕಿಸಿಕೊಂಡವರು. ನಡುಮಧ್ಯಾಹ್ನದ ರಸ್ತೆಯಲ್ಲಿ ಸ್ಕೂಟರಿನವರು ನಿಂತು ನೋಡಿದರು. ದಾರಿಯುದ್ದಕ್ಕೂ ಅಕ್ಕ ಗೊಣಗುತ್ತಿದ್ದಳು. "ಇವತ್ತು ಬಿಡಲ್ಲ ಇವನನ್ನ. ನೀರಿಳಿಸ್ತೀನಿ. ಎಲ್ಲರ ಎದುರಿಗೇ ನೀರಿಳಿಸ್ತೀನಿ." ನಾನು ಒಳಗೊಳಗೇ, ಇಳಿಸು ತಾಯಿ, ಇಳಿಸು ಎಂದುಕೊಂಡೆ.

ಓಣಿ ಬಂತು. ಅಕ್ಕ ನಮ್ಮ ಮನೆಯತ್ತ ಹೋಗಲಿಲ್ಲ. ಮೊದಲ ಮನೆಯ ಗೇಟು ತಳ್ಳಿ, ಅಂಗೈಯಿಂದ ಬಾಗಿಲು ಬಡಿದಳು. ಸದಸ್ಯರೇ ತೆರೆದರು. ಊಟದ ನಡುವೆ ಎದ್ದು ಬಂದಿದ್ದರು, ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದಿದ್ದರು.

"ಏನಕ್ಕಾ ಇದು? ಇಷ್ಟೊಂದು ಜನ?"

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಅಕ್ಕ ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಊದಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮಗುವಿನಂಥ ದನಿಯಲ್ಲಿ ಅಂದಳು:

"ನನ್ನ ಕೈಲಾಗ್ತಿಲ್ಲ ಕಣಪ್ಪಾ."

ಹುಟ್ಟಿದಾಗಿನಿಂದ ಅವಳನ್ನು ಬಲ್ಲೆ. ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ತಿರುಗಿ ಇಡೀ ಓಣಿಗೆ ಕೇಳುವ ಹಾಗೆ ಮತ್ತೆ ಹೇಳಿದಳು. "ನನ್ನೊಬ್ಬಳ ಕೈಲಿ ಆಗಲ್ಲ. ನೀವೂ ಮಾಡಿ. ಕೇಳ್ಕೊಳ್ತಿದೀನಿ."

"ಅಲ್ಲಕ್ಕಾ, ಅದು ಸಭೆಯ ತೀರ್ಮಾನ, ನಾನೊಬ್ಬನೇ..." ಎಂದು ಸದಸ್ಯರು ರಾಗ ಎಳೆದರು.

"ಸರೀರಿ ಆ ಕಡೆ," ಎಂದು ಅವರ ಹೆಂಡತಿ ಹಿಂದಿನಿಂದ ಬಂದು ಅವರನ್ನು ಭುಜದಿಂದ ಪಕ್ಕಕ್ಕೆ ಒತ್ತಿದರು. ಸಾಲನ್ನು ತುದಿಯವರೆಗೆ ನೋಡಿದರು. ಅಕ್ಕನ ಮುಖ ನೋಡಿದರು. ಆಮೇಲೆ ನನ್ನತ್ತ ತಿರುಗಿದರು.

"ಎಷ್ಟು ಜನ?"

"ಅರವತ್ತೊಂದು," ಅಂದೆ. ಅಕ್ಕನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.