ಕುಂತಲ ಕುಬೇರನ ಮೇಲೆ ಕೇಸು

ರಾಜಾಜಿನಗರದ ಬೋಲ್ಟ್ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಚನ್ನಮಲ್ಲಪ್ಪನವರಿಗೆ ನಲವತ್ತರ ಹೊತ್ತಿಗೆ ನೆತ್ತಿಯ ಕೂದಲು ಸ್ವಲ್ಪ ತೆಳ್ಳಗಾಯಿತು. ದೂರದವರಿಗೆ ಕಾಣುತ್ತಿರಲಿಲ್ಲ. ಹತ್ತಿರದಿಂದ ನೋಡಬಹುದಾಗಿದ್ದವರು ಹೆಂಡತಿ ಜಗದಾಂಬಾ ಒಬ್ಬರೇ. ಅವರಿಗೆ ಬೇರೆ ಕೆಲಸಗಳಿದ್ದವು. ಆದರೂ ಎಪ್ಪತ್ತನಾಲ್ಕನೇ ಇಸವಿಯ ಯುಗಾದಿಗೆ ಚನ್ನಮಲ್ಲಪ್ಪ ‘ಕುಂತಲ ಕುಬೇರ’ ತೈಲ ಕೊಂಡು ತಂದರು. ಬಂಡೆಯ ಮೇಲೂ ಕೂದಲು ಬೆಳೆಸುವುದಾಗಿ ಬಾಟಲಿಯ ಮೇಲೆ ಬರೆದಿತ್ತು.

ಹಚ್ಚಿದ ದಿನವೇ ತಲೆ ಉರಿಯಿತು. “ಬೇರು ಎಚ್ಚರ ಆಗ್ತಾ ಇದೆ ಸಾರ್, ಬಿಡಬೇಡಿ” ಎಂದ ಅಂಗಡಿಯವನು. ಬಿಡಲಿಲ್ಲ. ಎಚ್ಚರವಾದ ಬೇರುಗಳು ಎದ್ದು ಹೊರಟೇ ಹೋದವು. ಶ್ರಾವಣದ ಹೊತ್ತಿಗೆ ನೆತ್ತಿಯಲ್ಲಿ ಕೆಂಪು ಹುಣ್ಣುಗಳ ಹೊರತು ಏನೂ ಉಳಿಯಲಿಲ್ಲ.

ತೈಲ ತಯಾರಿಸುವ ಶ್ಯಾಮಸುಂದರನ ಗೋದಾಮು ನಾಯಂಡಹಳ್ಳಿಯಲ್ಲಿತ್ತು. ಚನ್ನಮಲ್ಲಪ್ಪ ಎರಡು ಫೋಟೋ ಹಿಡಿದು ಹೋದರು: ಎಣ್ಣೆ ಹಚ್ಚುವ ಮೊದಲಿನದೊಂದು, ಈಗಿನದೊಂದು. ಶ್ಯಾಮಸುಂದರ ಎರಡನ್ನೂ ನೋಡಿ ಕಣ್ಣೊರೆಸಿಕೊಂಡ. “ಇಲ್ಲೇ ಬಿಟ್ಟು ಹೋಗಿ ಸಾರ್, ವಿಚಾರಿಸ್ತೀನಿ.”

ಭಾನುವಾರ ಎರಡೂ ಫೋಟೋಗಳು ಪತ್ರಿಕೆಯ ಜಾಹೀರಾತಿನಲ್ಲಿ ಅಚ್ಚಾಗಿದ್ದವು. ಬೋಳು ತಲೆಯ ಕೆಳಗೆ ‘ಮೊದಲು’, ತುಂಬುಗೂದಲಿನ ಕೆಳಗೆ ‘ನಂತರ’.

“ನೋಡಿ, ನಿಮಗೆ ಕೂದಲು ಬಂದಿದೆಯಂತೆ” ಎಂದು ಜಗದಾಂಬಾ ಪತ್ರಿಕೆಯನ್ನು ಮುಂದಿಟ್ಟರು.

ಚನ್ನಮಲ್ಲಪ್ಪ ನೇರ ಪೊಲೀಸ್ ಠಾಣೆಗೆ ನಡೆದರು.

“ಏನು ಕಳುವಾಗಿದೆ ಸಾರ್?” ಎಂದ ರೈಟರ್.

“ಕೂದಲು.”

ರೈಟರ್ ಪೆನ್ನು ಕೆಳಗಿಟ್ಟ. “ಯಾರ ಮೇಲಾದ್ರೂ ಅನುಮಾನ ಇದೆಯಾ?”

ಕೊನೆಗೆ ಕುರುಬರಹಳ್ಳಿಯ ವಕೀಲ ನಂಜುಂಡಪ್ಪ ಧೈರ್ಯ ಕೊಟ್ಟರು. “ಸುಳ್ಳು ಹೇಳಿ ಮಾಲು ಮಾರೋದು ಮೋಸ ಕಣ್ರೀ, ಕಾನೂನಿದೆ. ರಸೀದಿ ತನ್ನಿ, ಬಾಟ್ಲಿ ತನ್ನಿ. ತಲೆ ಅಂತೂ ನಿಮ್ಮ ಜೊತೆಗೇ ಬರುತ್ತೆ.”

ಕೋರ್ಟಿನಲ್ಲಿ ಶ್ಯಾಮಸುಂದರನ ವಕೀಲರು ಹೊಸ ದಾರಿ ಹಿಡಿದರು: ಫೋಟೋದಲ್ಲಿರುವ ಕೂದಲಿನವರೂ ಎದುರಿಗಿರುವ ಬೋಳು ತಲೆಯವರೂ ಒಬ್ಬರೇ ಅಲ್ಲ! ಜಗದಾಂಬಾ ಸಾಕ್ಷಿಕಟ್ಟೆ ಹತ್ತಿದರು.

“ಇವರೇ ನಿಮ್ಮ ಯಜಮಾನರು ಅಂತ ಹೇಗೆ ಗುರುತು ಹಿಡೀತೀರಮ್ಮ?”

“ಕೂದಲು ಹೋಗಿದೆ, ಹಟ ಹೋಗಿಲ್ಲ ಸ್ವಾಮಿ.”

ಬಾಟಲಿ ಪರೀಕ್ಷೆಗೆ ಹೋಯಿತು. ಯಂತ್ರಕ್ಕೆ ಬಿಡುವ ಎಣ್ಣೆ, ಅದಕ್ಕೊಂದು ಬಣ್ಣ, ಹೆಸರು ಹೇಳಲಾಗದ ಒಂದು ಘಾಟು ದ್ರವ ಎಂದು ವರದಿ ಬಂತು. ಕಾರ್ಖಾನೆಯಲ್ಲಿ ಬೋಲ್ಟುಗಳಿಗೆ ಪುಕ್ಕಟೆ ಸಿಗುತ್ತಿದ್ದುದನ್ನು ತಾವು ಕಾಸು ಕೊಟ್ಟು ತಲೆಗೆ ಹಚ್ಚಿಕೊಂಡೆವಲ್ಲ ಎಂಬುದು ಚನ್ನಮಲ್ಲಪ್ಪನವರಿಗೆ ಹುಣ್ಣಿಗಿಂತ ಹೆಚ್ಚು ಉರಿಯಿತು.

ವಾಯಿದೆಯ ಮೇಲೆ ವಾಯಿದೆ ಬಿದ್ದು, ಎಪ್ಪತ್ತೇಳರಲ್ಲಿ ತೀರ್ಪಾಯಿತು. ಶ್ಯಾಮಸುಂದರ ದಂಡ ಕಟ್ಟಿದ. ಪತ್ರಿಕೆಯಲ್ಲಿ ಕ್ಷಮೆಯನ್ನೂ ಕೇಳಿದ, ಕಳೆದುಹೋದ ಎಮ್ಮೆಯ ಪ್ರಕಟಣೆಯ ಕೆಳಗೆ, ಇರುವೆಗಾತ್ರದ ಅಕ್ಷರದಲ್ಲಿ. ವರ್ಷ ಕಳೆಯುವಷ್ಟರಲ್ಲಿ ಅದೇ ಗೋದಾಮಿನಿಂದ ‘ದಂತ ಕುಬೇರ’ ಹಲ್ಲುಪುಡಿ ಹೊರಬಂತು.

ಗೆದ್ದೆನೆಂದು ಚನ್ನಮಲ್ಲಪ್ಪನವರಿಗೆ ಅನ್ನಿಸಲೇ ಇಲ್ಲ. ಆದರೆ ಬೀದಿಯವರಿಗೆ ಅನ್ನಿಸಿತ್ತು. ಷಾಕ್ ಹೊಡೆಯುವ ಇಸ್ತ್ರಿಪೆಟ್ಟಿಗೆ, ಮರದಪುಡಿ ಬೆರೆತ ಕಾಫಿಪುಡಿ ಹಿಡಿದು ಜನ ಅವರ ಜಗಲಿಗೆ ಬರತೊಡಗಿದರು. ಒಂದು ಸಂಜೆ ಹಿಂದಿನ ಬೀದಿಯ ಅಂಜಮ್ಮ ಹೊಸ ಸೀಮೆಎಣ್ಣೆ ಸ್ಟವ್ ತಂದಿಟ್ಟಳು.

“ಹಚ್ಚಿದ್ರೆ ಬೆಂಕಿ ಭುಸ್ ಅಂತ ಸೀರೆಗೇ ಬರುತ್ತೆ ಅಣ್ಣ. ಅಂಗಡಿಯವನು, ದೂರ ನಿಂತು ಅಡುಗೆ ಮಾಡಿ ಅಂತಾನೆ.”

ಚನ್ನಮಲ್ಲಪ್ಪ ಅರ್ಧ ಕುಡಿದ ಕಾಫಿ ಇಟ್ಟು, ಹೆಗಲಿಗೆ ಟವಲು ಹಾಕಿಕೊಂಡರು.

“ಸ್ಟವ್ ಎತ್ಕೋ, ನಡಿಯಮ್ಮ. ಅವನೇ ಒಂದ್ಸಲ ಹತ್ರ ಕೂತು ಹಚ್ಚಿ ತೋರಿಸ್ಲಿ.”