ಸಹಿಯಿಲ್ಲದ ಫೈನಲ್

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದಲ್ಲಿ ಹುಣಸೆಬೀಜದಂತೆ ನುಣುಪಾದ ಕಪ್ಪು ಚರ್ಮವಿತ್ತು. ಬನಶಂಕರಿಯ ನಮ್ಮ ಬೀದಿಯ ಗಣಪತಿ ಗುಡಿಯಲ್ಲಿ ತಲೆ ತಗ್ಗಿಸಿ ಪ್ರದಕ್ಷಿಣೆ ಬರುವ ನನಗೆ ಮುಖಕ್ಕಿಂತ ಮೊದಲು ಆ ಪಾದವೇ ಪರಿಚಯವಾಯಿತು. ಒಂದು ದಿನ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟೆ.

“ಫುಟ್‌ಬಾಲ್ ಸಾರ್. ಆಡೋವಾಗ ಒಬ್ಬ ತುಳಿದ. ಆಮೇಲೆ ರೆಫರಿ ಆದೆ. ಬರೀ ಬೈತಿದ್ರು, ಯಾರೂ ತುಳೀಲಿಲ್ಲ,” ಎಂದು ನಕ್ಕರು.

ಹಾಗೆ ನನ್ನ ಪಾಲಿಗೆ ಅವರು ‘ರೆಫರಿಗಳು’ ಆದರು. ಬದುಕೆಲ್ಲ ಸಂಸ್ಕೃತ ಪಾಠ ಹೇಳಿದ, ಚೆಂಡಾಟದ ಗಂಧವೇ ಇಲ್ಲದ ನನಗೆ ಅವರ ಮಾತಿನಲ್ಲಿ ಬೇರೊಂದು ಬೆಂಗಳೂರು ಕಾಣಿಸಿತು. ಶ್ರೀನಗರ, ಹೊಸಕೆರೆಹಳ್ಳಿ, ಗೊಟ್ಟಿಗೆರೆಗಳಿಗೆ ಒಂದೊಂದು ತಂಡವಿದ್ದ ಲೀಗ್ ಅದು. ಆಟಗಾರರು ಹಗಲು ಕಾರ್ಖಾನೆಯಲ್ಲೋ ಅಚ್ಚುಕೂಟದಲ್ಲೋ ದುಡಿದು, ಸಂಜೆ ಕ್ಲಬ್ಬು ಕೊಡುವ ಅಲ್ಪ ಸಂಭಾವನೆಗೆ ಆಡುತ್ತಿದ್ದರಂತೆ. ಆ ಲೀಗಿಗೊಂದು ಕಟ್ಟಳೆಯಿತ್ತು: ಆಟ ಮುಗಿದ ಮೇಲೆ ಫಲಿತಾಂಶದ ಹಾಳೆಗೆ ಸೋತ ತಂಡದ ನಾಯಕ ಮೊದಲು ಸಹಿ ಹಾಕಬೇಕು. ಆ ಸಹಿ ಬೀಳದೆ ಗೆದ್ದವರು ಗೆದ್ದಂತಲ್ಲ. ಒಂದು ಹಾಳೆ ಬಾಕಿಯಿದ್ದರೂ ಮುಂದಿನ ವರ್ಷದ ಆಟ ಆರಂಭವಾಗುವಂತಿಲ್ಲ. ಎಂಥ ಸಭ್ಯ ವ್ಯವಸ್ಥೆಯೆಂದು ಬೆರಗಾದೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಮ್ಮೆ ಆ ಹಾಳೆಗಳ ಕಟ್ಟು ಹೊತ್ತು ನಮ್ಮ ಮನೆಗೆ ಬಂದರು. “ಮೇಷ್ಟ್ರೇ, ಲೀಗು ನಿಂತು ಹತ್ತು ವರ್ಷ ಆಯ್ತು. ನೆನಪಿಟ್ಕೊಂಡಿರೋರು ಒಬ್ಬೊಬ್ರೇ ಹೋಗ್ತಿದಾರೆ. ನಾನು ಹೇಳ್ತೀನಿ, ನೀವು ಒಳ್ಳೆ ಕನ್ನಡದಲ್ಲಿ ಬರೀರಿ.”

ದಿನವೂ ಸಂಧ್ಯಾವಂದನೆಗೆ ಮುನ್ನ ಒಂದು ಗಂಟೆ ಬರೆದೆವು. ಯಾರು ಬರಿಗಾಲಲ್ಲಿ ಆಡುತ್ತಿದ್ದರು, ಯಾರು ಕೊನೆಯ ಸೀಟಿ ಕೇಳಿದೊಡನೆ ರಾತ್ರಿ ಪಾಳಿಗೆ ಓಡುತ್ತಿದ್ದರು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿತ್ತು. ಕೊನೆಯ ಫೈನಲ್ ಬಂದಾಗ ಮಾತ್ರ, “ವಿವಾದ ಆಗಿ ಲೀಗು ನಿಂತ್ಹೋಯ್ತು ಅಂತ ಬರೀರಿ, ಸಾಕು,” ಎಂದರು. ಆ ಹಾಳೆಯಲ್ಲಿ ಸಹಿಯ ಜಾಗ ಖಾಲಿಯಿತ್ತು.

“ಏನು ವಿವಾದ?”

“ಒಂದು ಗೋಲು.”

“ಆಗಿತ್ತೋ, ಇಲ್ಲವೋ?”

ಅವರು ಕಾಫಿ ಲೋಟ ಬದಿಗಿಟ್ಟರು. ಆಮೇಲೆ ಹೇಳಿದರು. ಪಕ್ಕದ ಮೈದಾನದಲ್ಲಿ ಇನ್ನೊಂದು ಆಟ ನಡೆಯುತ್ತಿತ್ತು. ಅಲ್ಲಿಯ ಸೀಟಿ ಕೇಳಿ ಇವರು ಕ್ಷಣಕಾಲ ಅತ್ತ ತಿರುಗಿದರು. ಮತ್ತೆ ಇತ್ತ ನೋಡುವಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ಎದುರಾಳಿಗಳು ಚೆಂಡನ್ನು ಕೈಯಿಂದ ತಳ್ಳಿದರೆಂದು ಹೊಸಕೆರೆಹಳ್ಳಿಯವರು ಕೂಗಿದರು. ನೋಡಲಿಲ್ಲವೆಂದು ಒಪ್ಪಲು ನಾಚಿ ಇವರು, ಕಣ್ಣಾರೆ ನೋಡಿದೆನೆಂದು ಹೇಳಿ ಗೋಲು ಕೊಟ್ಟರು. ಹೊಸಕೆರೆಹಳ್ಳಿಯ ನಾಯಕ ಸಹಿ ಹಾಕಲಿಲ್ಲ. ಹಾಳೆ ಬಾಕಿ ಉಳಿಯಿತು. ಲೀಗ್ ಮತ್ತೆ ಏಳಲಿಲ್ಲ.

“ನಾನೇ ಕೊಂದೆ ಮೇಷ್ಟ್ರೇ. ಈಗ ನಿಮ್ಮ ಕೈಲೂ ಮುಚ್ಚಿಸ್ತಿದೀನಿ.”

ಮರುದಿನ ಇಬ್ಬರೂ ಹೊಸಕೆರೆಹಳ್ಳಿಗೆ ಹೋದೆವು. ಆ ನಾಯಕ ಸೈಕಲ್ ಅಂಗಡಿ ಇಟ್ಟಿದ್ದರು. ಕಂಡೊಡನೆ, “ಏನ್ ರೆಫ್ರಿ ಸಾರ್, ಕಣ್ಣು ಈಗ ಹೆಂಗಿದೆ?” ಎಂದು ಚುಚ್ಚಿದರು.

“ಈಗ ನೆಟ್ಟಗಿದೆ. ಆವತ್ತು ಬೇರೆ ಕಡೆ ಇತ್ತಪ್ಪ. ಆ ಗೋಲು ನಾನು ನೋಡ್ಲೇ ಇಲ್ಲ.”

ಚಕ್ರ ತಿರುಗಿಸುತ್ತಿದ್ದ ನಾಯಕರ ಕೈ ನಿಂತಿತು. “ಇದನ್ನ ಆವತ್ತೇ ಅಂದಿದ್ರೆ, ಗೋಲು ಕೊಟ್ರೂ ಸೈನ್ ಹಾಕ್ತಿದ್ದೆ ಸಾರ್. ನೀವು ಅತ್ತ ತಿರುಗಿದ್ದು ನಂಗೆ ಕಾಣ್ತಿತ್ತು, ಆದ್ರೂ ಕಣ್ಣಾರೆ ನೋಡ್ದೆ ಅಂದ್ರಲ್ಲ, ಅದಕ್ಕೇ ಹಾಕ್ಲಿಲ್ಲ.” ಗ್ರೀಸು ಒರೆಸಿಕೊಂಡು ಕೈ ಚಾಚಿದರು. “ಕೊಡಿ, ಈಗ ಹಾಕ್ತೀನಿ.”

ರೆಫರಿಗಳು ಹಾಳೆ ಕೊಡಲಿಲ್ಲ. “ಬೇಡ. ಖಾಲಿನೇ ಇರ್ಲಿ. ಯಾಕೆ ಖಾಲಿ ಅಂತ ಬರೀತೀವಿ.”

ಹಾಗೆಯೇ ಬರೆದೆವು, ರೆಫರಿಗಳ ಹೆಸರು ಹಾಕಿಯೇ.

ಮುಂದಿನ ವರ್ಷ ಅವರು ದೈವಾಧೀನರಾದರು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಆ ನಾಯಕರೂ ಇದ್ದರು. ಕೆಲವು ದಿನಗಳ ಮೇಲೆ ಗುಡಿಯಲ್ಲಿ ನಾನು ನಡೆಸುವ ಸ್ತೋತ್ರಪಾಠದಲ್ಲಿ ಗೃಹಿಣಿಯೊಬ್ಬರು ಒಂದು ಪದದ ಅರ್ಥ ಕೇಳಿದರು. ಅರ್ಥ ತಿಳಿಯದಾಗ ಹೊಂದುವಂಥದ್ದೇನನ್ನೋ ಗಂಭೀರವಾಗಿ ಹೇಳಿ ಪಾರಾಗುವುದು ನನ್ನ ಮೂವತ್ತು ವರ್ಷಗಳ ಅಭ್ಯಾಸ. ಅಂದು ಪುಸ್ತಕ ಮುಚ್ಚಿ ಹೇಳಿದೆ:

“ನನಗೆ ಗೊತ್ತಿಲ್ಲಮ್ಮ. ನಾಳೆ ನೋಡಿ ಹೇಳ್ತೀನಿ.”